ಕಾಣದ ಬೆಳಕಿನಲ್ಲಿ ದೇವಯಾನಿ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ದಿನಗಳಲ್ಲಿ, ಚಂದ್ರನಿಲ್ಲದ ಒಂದು ರಾತ್ರಿ ಎಂಟು ಗಂಟೆಯ ಹೊತ್ತಿಗೆ, ಊರಿನ ದೀಪಗಳನ್ನು ಬೆನ್ನ ಹಿಂದೆ ಬಿಟ್ಟು ಹೊಲದ ಬದುವಿನ ಮೇಲೆ ನಿಂತು ತಲೆಯೆತ್ತಿ ನೋಡಿ. ನೆತ್ತಿಯ ಸಮೀಪದಲ್ಲಿ ನಾಲ್ಕು ನಕ್ಷತ್ರಗಳ ದೊಡ್ಡದೊಂದು ಚೌಕ ಕಾಣುತ್ತದೆ. ಪಂಚಾಂಗದಲ್ಲಿ ನೀವು ಓದುವ ಪೂರ್ವಾಭಾದ್ರೆ, ಉತ್ತರಾಭಾದ್ರೆಗಳೇ ಈ ಚೌಕದ ಎರಡು ಬದಿಗಳು. ಚೌಕದ ಈಶಾನ್ಯದ ಮೂಲೆಯಿಂದ ನಕ್ಷತ್ರಗಳ ಒಂದು ಸಾಲು ಹೊರಟಿದೆ. ಪಾಶ್ಚಾತ್ಯರು ಆಂಡ್ರೊಮಿಡಾ ಎನ್ನುವ ಈ ಪುಂಜವನ್ನು ಕನ್ನಡದಲ್ಲಿ ದೇವಯಾನಿ ಎಂದು ಕರೆಯುವುದು ವಾಡಿಕೆ. ಆ ಸಾಲಿನ ನಡುವೆ ಇರುವ ಪ್ರಕಾಶಮಾನವಾದ ನಕ್ಷತ್ರದಿಂದ ವಾಯವ್ಯಕ್ಕೆ ತಿರುಗಿ, ಎರಡು ಮಂಕು ನಕ್ಷತ್ರಗಳಷ್ಟು ದೂರ ಸಾಗಿದರೆ, ಬೆರಳಿನಿಂದ ಒರಸಿದರೆ ಅಳಿಸಿಹೋಗುವುದೋ ಎಂಬಂಥ ಒಂದು ಬಿಳಿಯ ಮಸುಕು ಕಾಣುತ್ತದೆ. ಪಾರಸಿಕ ಖಗೋಳಜ್ಞ ಅಲ್ ಸೂಫಿ 964ರ ಸುಮಾರಿಗೆ ರಚಿಸಿದ ನಕ್ಷತ್ರಗ್ರಂಥದಲ್ಲಿ ಇದನ್ನು ಚಿಕ್ಕದೊಂದು ಮೋಡವೆಂದು ಗುರುತಿಸಿದ್ದಾನೆ.

ಮೋಡವೆಂದರೂ ಸರಿ, ಮಸುಕೆಂದರೂ ಸರಿ. ಕಣ್ಣು ಹೇಳುವುದು ಇಷ್ಟೇ. ಅದು ನಿಜವಾಗಿ ಏನು ಎಂಬುದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬ್ಬಲ್ ಎಂಬ ಅಮೆರಿಕದ ವಿಜ್ಞಾನಿ, ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಇದರ ಛಾಯಾಚಿತ್ರ ತೆಗೆದು, ಅದರಲ್ಲಿ ಕ್ರಮವಾಗಿ ಹೆಚ್ಚಿ ಕುಗ್ಗುವ ಒಂದು ನಕ್ಷತ್ರವನ್ನು ಕಂಡುಹಿಡಿದರು. ಅಂಥ ನಕ್ಷತ್ರ ಎಷ್ಟು ದಿನಕ್ಕೊಮ್ಮೆ ಹೆಚ್ಚಿ ಕುಗ್ಗುತ್ತದೆಂದು ತಿಳಿದರೆ ಅದರ ನಿಜವಾದ ಪ್ರಕಾಶ ತಿಳಿಯುತ್ತದೆ. ಪ್ರಕಾಶ ತಿಳಿದರೆ ದೂರ ತಿಳಿಯುತ್ತದೆ. ಲೆಕ್ಕ ಹಾಕಿ ನೋಡಿದಾಗ ಆ ಮಸುಕು ನಮ್ಮ ಆಕಾಶಗಂಗೆಯ ಒಳಗಿನ ಮೋಡವಲ್ಲ, ಅದರ ಹೊರಗೆ ಬಹು ದೂರದಲ್ಲಿರುವ ಮತ್ತೊಂದು ಆಕಾಶಗಂಗೆಯೆಂದು ಖಚಿತವಾಯಿತು. ಇಂಥ ನಕ್ಷತ್ರದ್ವೀಪಗಳಿಗೆ ಗೆಲಾಕ್ಸಿ ಎಂದು ಹೆಸರು. ಇಂದಿನ ಲೆಕ್ಕದಂತೆ ದೇವಯಾನಿ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ಅಲ್ಲಿಂದ ಹೊರಟು ಇಲ್ಲಿಗೆ ಬರಲು 25 ಲಕ್ಷ ವರ್ಷ ಹಿಡಿಯುತ್ತದೆ.

ಇಷ್ಟು ದೂರದ ವಸ್ತುವಿನಿಂದ ನಮಗೆ ಬರುವುದು ಬೆಳಕೊಂದೇ. ಅಲ್ಲಿಯ ಮಣ್ಣನ್ನು ಯಾರೂ ತಂದು ಪರೀಕ್ಷಿಸಲಾರರು. ಹೀಗಿರುವಲ್ಲಿ, ಬರುವ ಆ ಒಂದು ಸಾಕ್ಷಿಯನ್ನು ಪೂರ್ತಿಯಾಗಿ ಕೇಳದೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಈ ಭಾಷಣದಲ್ಲಿ ವಿಚಾರ ಮಾಡೋಣ.

ಬೆಳಕೆಂದರೇನು? ಕಮ್ಮಾರನ ಕುಲುಮೆಯನ್ನು ನೆನೆಯಿರಿ. ಕಬ್ಬಿಣದ ಸಲಾಕೆಯನ್ನು ಬೆಂಕಿಯಲ್ಲಿಟ್ಟು ಸ್ವಲ್ಪ ಹೊತ್ತಾದ ಮೇಲೆ ಹೊರತೆಗೆದರೆ ಅದರ ಬಣ್ಣವೇನೂ ಬದಲಾಗಿರುವುದಿಲ್ಲ. ಆದರೆ ಹತ್ತಿರ ಹಿಡಿದ ಅಂಗೈಗೆ ಕಾವು ತಿಳಿಯುತ್ತದೆ. ಇನ್ನೂ ಕಾಯಿಸಿದರೆ ಸಲಾಕೆ ಕೆಂಪಾಗುತ್ತದೆ, ಆಮೇಲೆ ಹಳದಿ, ಕೊನೆಗೆ ಕಣ್ಣು ಕೋರೈಸುವ ಬಿಳುಪು. ಮೊದಲು ಅಂಗೈಗೆ ತಾಗಿದ ಕಾವೂ ಆಮೇಲೆ ಕಣ್ಣಿಗೆ ಕಂಡ ಕೆಂಪೂ ಒಂದೇ ಜಾತಿಯವು. ಎರಡೂ ಅಲೆಗಳೇ, ಅಲೆಯ ಉದ್ದದಲ್ಲಿ ಮಾತ್ರ ಭೇದ. ಕಾವಿನ ಅಲೆ ಉದ್ದ, ಕೆಂಪಿನ ಅಲೆ ಅದಕ್ಕಿಂತ ಗಿಡ್ಡ, ನೇರಿಳೆಯದು ಇನ್ನೂ ಗಿಡ್ಡ. ವಸ್ತು ಬಿಸಿಯಾದಷ್ಟೂ ಗಿಡ್ಡ ಅಲೆಗಳನ್ನು ಹೆಚ್ಚಾಗಿ ಹೊರಡಿಸುತ್ತದೆ. ಈ ಒಂದು ಸೂತ್ರ ನೆನಪಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಬಾನುಲಿಯ ಪರಿಚಯವಿರುವ ನಿಮಗೆ ಅಲೆಯ ಉದ್ದವೆಂಬುದು ಹೊಸ ಮಾತಲ್ಲ. ಮಧ್ಯಮ ತರಂಗದ ಅಲೆ ನೂರಾರು ಮೀಟರ್ ಉದ್ದ, ಎಫ್.ಎಂ. ಅಲೆ ಸುಮಾರು 3 ಮೀಟರ್. ಇದೇ ಕುಟುಂಬದ ಅತಿ ಸಣ್ಣ ಅಲೆಗಳೇ ಬೆಳಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ನಮ್ಮ ಕಣ್ಣು ಗ್ರಹಿಸುವುದು ಸುಮಾರು 400ರಿಂದ 700 ನ್ಯಾನೊಮೀಟರಿನವರೆಗಿನ ಅಲೆಗಳನ್ನು ಮಾತ್ರ. ಕೆಂಪಿನಿಂದ ಆಚೆಗೆ ಉದ್ದವಾದ ಅಲೆಗಳು ಅವಕೆಂಪು; ಅದರಾಚೆ ರೇಡಿಯೋ. ನೇರಿಳೆಯಿಂದ ಈಚೆಗೆ ಗಿಡ್ಡವಾದವು ಅತಿನೇರಿಳೆ. ಆಮೇಲೆ ಆಸ್ಪತ್ರೆಯಲ್ಲಿ ಎಲುಬಿನ ಚಿತ್ರ ತೆಗೆಯುವ ಕ್ಷ-ಕಿರಣ. ಎಲ್ಲಕ್ಕಿಂತ ಗಿಡ್ಡವಾದುದು ಗಾಮಾ ಕಿರಣ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಅಲೆಯ ಉದ್ದ ಅರ್ಧವಾದರೆ ಒಂದು ಸ್ಥಾಯಿ ಮೇಲೇರಿದಂತೆ. ಆ ಲೆಕ್ಕದಲ್ಲಿ ನಮ್ಮ ಕಣ್ಣಿಗೆ ದಕ್ಕಿರುವುದು ಒಂದು ಸ್ಥಾಯಿಗೂ ಕಡಿಮೆ. ಜಲಜನಕ ಅನಿಲ ಹೊರಡಿಸುವ 21 ಸೆಂಟಿಮೀಟರಿನ ರೇಡಿಯೋ ಅಲೆಯಿಂದ 1 ನ್ಯಾನೊಮೀಟರಿನ ಕ್ಷ-ಕಿರಣದವರೆಗೆ 27ಕ್ಕೂ ಮೇಲ್ಪಟ್ಟು ಸ್ಥಾಯಿಗಳಿವೆ. ದೇವಯಾನಿ ಅಷ್ಟೂ ಸ್ಥಾಯಿಗಳಲ್ಲಿ ಹಾಡುತ್ತಿದ್ದಾಳೆ. ನಾವು ಒಂದರಲ್ಲಿಯೂ ಕೆಲವೇ ಸ್ವರಗಳನ್ನು ಕೇಳಿ ಇದೇ ರಾಗವೆಂದು ಹೇಳುತ್ತಿದ್ದೆವು.

ಬೆಳಕು ಬದಲಾದರೆ ಕಾಣುವುದೂ ಬದಲಾಗುತ್ತದೆಂಬುದಕ್ಕೆ ದೇವಯಾನಿಯೇ ಮೊದಲೊಂದು ಉದಾಹರಣೆ ಕೊಟ್ಟಳು. ಎರಡನೆಯ ಮಹಾಯುದ್ಧದ ಕಾಲ. ಶತ್ರುವಿನ ಭಯದಿಂದ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸುತ್ತಿದ್ದರು. ಮೌಂಟ್ ವಿಲ್ಸನ್ನಿನ ಆಕಾಶ ಎಂದೂ ಇಲ್ಲದಷ್ಟು ಕಪ್ಪಾಗಿತ್ತು. ಅಲ್ಲಿದ್ದ ವಾಲ್ಟರ್ ಬಾಡೆ ಜರ್ಮನಿಯಲ್ಲಿ ಹುಟ್ಟಿದವರಾದ್ದರಿಂದ ಯುದ್ಧದ ಕೆಲಸಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ. ದೂರದರ್ಶಕ ಅವರ ಪಾಲಿಗೆ ಉಳಿಯಿತು. ದೇವಯಾನಿಯ ನಡುಭಾಗದ ಛಾಯಾಚಿತ್ರವನ್ನು ನೀಲಿ ಬೆಳಕಿಗೆ ಸ್ಪಂದಿಸುವ ಫಲಕಗಳ ಮೇಲೆ ಎಷ್ಟು ಸಲ ತೆಗೆದರೂ ಹಾಲು ಚೆಲ್ಲಿದಂತೆ ಬರಿಯ ಮಸುಕೇ ಮೂಡುತ್ತಿತ್ತು. ಬಾಡೆ ಕೆಂಪು ಬೆಳಕಿಗೆ ಸ್ಪಂದಿಸುವ ಫಲಕಗಳನ್ನು ಉಪಯೋಗಿಸಿದರು. ಮಸುಕು ಬಿಡಿಸಿಕೊಂಡು ನಕ್ಷತ್ರ ನಕ್ಷತ್ರವಾಗಿ ಕಂಡಿತು! 1944ರಲ್ಲಿ ಪ್ರಕಟವಾದ ಈ ಸಂಶೋಧನೆಯಿಂದ, ಗೆಲಾಕ್ಸಿಯ ನಡುವೆ ಇರುವವು ವಯಸ್ಸಾದ ಕೆಂಪು ನಕ್ಷತ್ರಗಳು, ಸುರುಳಿಯ ತೋಳುಗಳಲ್ಲಿರುವವು ಹೊಸದಾಗಿ ಹುಟ್ಟಿದ ನೀಲಿ ನಕ್ಷತ್ರಗಳು ಎಂಬ ಭೇದ ತಿಳಿಯಿತು. ಆ ಭೇದವನ್ನು ಹಿಡಿದು ಹೊರಟ ಬಾಡೆ, ಗೆಲಾಕ್ಸಿಗಳ ದೂರವನ್ನು ಹಿಂದಿನವರು ಅಳೆದುದಕ್ಕಿಂತ ಸುಮಾರು ಇಮ್ಮಡಿ ಮಾಡಬೇಕೆಂದು 1952ರಲ್ಲಿ ರೋಮಿನ ಸಮ್ಮೇಳನದಲ್ಲಿ ತಿಳಿಸಿದರು. ನೀಲಿಯಿಂದ ಕೆಂಪಿಗೆ ಸರಿದಷ್ಟಕ್ಕೇ, ಕೊನೆಗೆ ಜಗತ್ತಿನ ಅಳತೆಯೇ ಎರಡರಷ್ಟಾಯಿತು.

ಕೆಂಪಿನಿಂದಲೂ ಆಚೆಗೆ, ನೀಲಿಯಿಂದಲೂ ಈಚೆಗೆ ಹೋಗಬೇಕಾದರೆ ಒಂದು ಅಡ್ಡಿಯಿದೆ. ಅದು ನಮ್ಮನ್ನು ಬದುಕಿಸಿರುವ ವಾಯುಮಂಡಲ. ಮೇಲಿನ ಓಜೋನ್ ಪದರ ಅತಿನೇರಿಳೆಯ ಬಹುಭಾಗವನ್ನು ನುಂಗುತ್ತದೆ. ಗಾಳಿಯಲ್ಲಿರುವ ನೀರಾವಿ ಅವಕೆಂಪಿನ ಹೆಚ್ಚಿನ ಪಾಲನ್ನು ತಡೆಯುತ್ತದೆ. ಆಕಾಶದಿಂದ ಬರುವ ಕ್ಷ-ಕಿರಣ ನೆಲಕ್ಕೆ ಇಳಿಯುವುದೇ ಇಲ್ಲ. ಕಣ್ಣಿಗೆ ಕಾಣುವ ಬೆಳಕಿಗೂ ರೇಡಿಯೋ ಅಲೆಗಳಿಗೂ ಮಾತ್ರ ಬಾಗಿಲು ಚೆನ್ನಾಗಿ ತೆರೆದಿದೆ. ಲಡಾಖಿನ ಹಾನ್ಲೆಯಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು 4,500 ಮೀಟರ್ ಎತ್ತರದಲ್ಲಿ ನಮ್ಮವರ ದೂರದರ್ಶಕವೊಂದಿದೆ. ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಸುತ್ತಾರೆ. ಅಷ್ಟು ಎತ್ತರಕ್ಕೆ ಹೋದರೆ ಅವಕೆಂಪಿನ ಸ್ವಲ್ಪ ಭಾಗ ಸಿಗುತ್ತದೆ, ಅಷ್ಟೇ. ಉಳಿದ ಬಾಗಿಲುಗಳನ್ನು ತೆರೆಯಬೇಕಾದರೆ ಮನೆಯಿಂದ ಹೊರಕ್ಕೇ ಹೋಗಬೇಕು. ದೂರದರ್ಶಕವನ್ನು ರಾಕೆಟ್ಟಿನ ಮೇಲಿಟ್ಟು ಗಾಳಿಯಿಲ್ಲದ ಅಂತರಿಕ್ಷಕ್ಕೆ ಕಳುಹಿಸುವುದು ಈ ಕಾರಣಕ್ಕಾಗಿ.

ಹಳೆಯ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸರ ರೀತಿ ನಿಮಗೆ ಗೊತ್ತಿರಬಹುದು. ಅವರು ಒಂದೇ ಓಲೆಪ್ರತಿಯನ್ನು ನೆಚ್ಚಿ ಕೂರುವುದಿಲ್ಲ. ಒಂದು ಪ್ರತಿಯಲ್ಲಿ ನಡುವಿನ ಗರಿಗಳು ಹುಳು ತಿಂದು ಹೋಗಿರುತ್ತವೆ. ಇನ್ನೊಂದರಲ್ಲಿ ಆ ಗರಿಗಳಿದ್ದು ಮೊದಲಿನವು ಇರುವುದಿಲ್ಲ. ಬಿಟ್ಟುಹೋದ ಭಾಗಕ್ಕೆ ಗ್ರಂಥಪಾತವೆಂದು ಹೆಸರು. ಒಂದು ಪ್ರತಿಯ ಗ್ರಂಥಪಾತವನ್ನು ಮತ್ತೊಂದು ಪ್ರತಿ ತುಂಬಿಕೊಡುತ್ತದೆ. ದೇವಯಾನಿ ಎಂಬ ಕೃತಿಗೂ ಈಗ ಹಲವು ಪ್ರತಿಗಳು ದೊರೆತಿವೆ. ಒಂದೊಂದನ್ನಾಗಿ ಬಿಡಿಸಿ ನೋಡೋಣ.

ಮೊದಲನೆಯದು ಕಣ್ಣಿಗೆ ಕಾಣುವ ಬೆಳಕಿನ ಪ್ರತಿ. ಹಬ್ಬಲ್ ಅವರ ಹೆಸರಿನ ದೂರದರ್ಶಕ 1990ರ ಏಪ್ರಿಲ್ 24ರಂದು ಅಂತರಿಕ್ಷಕ್ಕೆ ಹೋಯಿತು. ಅದರ ಕನ್ನಡಿಯ ಆಕಾರದಲ್ಲಿ ಕೂದಲೆಳೆಗಿಂತಲೂ ಸಣ್ಣ ದೋಷವೊಂದು ಉಳಿದು ಚಿತ್ರಗಳೆಲ್ಲ ಮಂಜಾದವು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಕನ್ನಡಕ ಹಾಕಿದಂತೆ ಅದನ್ನು ಸರಿಪಡಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ತುಂಡು ತುಂಡಾಗಿ ತೆಗೆದ 600ಕ್ಕೂ ಮಿಕ್ಕ ನೋಟಗಳನ್ನು ಜೋಡಿಸಿ, ಇಡೀ ದೇವಯಾನಿಯ ಚಿತ್ರವೊಂದನ್ನು 2025ರ ಜನವರಿಯಲ್ಲಿ ಪ್ರಕಟಿಸಿದರು. ಅದರಲ್ಲಿ ಬಿಡಿಬಿಡಿಯಾಗಿ ಕಾಣುವ ನಕ್ಷತ್ರಗಳೇ 20 ಕೋಟಿ. ನಡುವೆ ಹಳದಿಯ ದಟ್ಟ ಬೆಳಕು, ಸುತ್ತ ಸುರುಳಿ. ಆದರೆ ಸುರುಳಿಯ ಉದ್ದಕ್ಕೂ ಮಸಿಯ ಗೆರೆ ಎಳೆದಂತೆ ಕಪ್ಪು ಪಟ್ಟೆಗಳಿವೆ. ಅಲ್ಲಿ ನಕ್ಷತ್ರಗಳು ಕಾಣಿಸುವುದಿಲ್ಲ. ಇದೇ ಈ ಪ್ರತಿಯ ಗ್ರಂಥಪಾತ.

ಎರಡನೆಯದು ಅತಿನೇರಿಳೆಯ ಪ್ರತಿ. 2003ರಿಂದ 2013ರವರೆಗೆ ಕೆಲಸಮಾಡಿದ ಗೆಲೆಕ್ಸ್ ಎಂಬ ಉಪಗ್ರಹ ಇದನ್ನು ಬರೆದುಕೊಟ್ಟಿತು. ಇದರಲ್ಲಿ ನಡುವಿನ ದಟ್ಟ ಬೆಳಕು ಮಂಕಾಗುತ್ತದೆ. ಸುತ್ತಲಿನ ತೋಳುಗಳು ನೀಲಮಣಿಯ ಬಳೆಗಳಂತೆ ಹೊಳೆಯುತ್ತವೆ. ಕುಲುಮೆಯ ಸೂತ್ರವನ್ನು ನೆನೆಯಿರಿ: ಅತಿ ಬಿಸಿಯಾದ ನಕ್ಷತ್ರಗಳೇ ಅತಿನೇರಿಳೆಯನ್ನು ಹೆಚ್ಚಾಗಿ ಸೂಸುವುವು. ಅವು ತಮ್ಮ ಇಂಧನವನ್ನು ದುಂದುಮಾಡಿ ಬೇಗ ಸಾಯುತ್ತವೆ. ಆದ್ದರಿಂದ ಅವು ಕಂಡಲ್ಲಿ ನಕ್ಷತ್ರಗಳು ಈಚೆಗೆ ಹುಟ್ಟಿವೆಯೆಂದು ಅರ್ಥ. ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಹಬ್ಬಲ್ಲಿನ ಚಿತ್ರ ಹೇಳಿದರೆ, ತೊಟ್ಟಿಲು ಎಲ್ಲಿ ತೂಗುತ್ತಿದೆಯೆಂದು ಅತಿನೇರಿಳೆ ಹೇಳುತ್ತದೆ. ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಅದರಲ್ಲಿದ್ದ ಅತಿನೇರಿಳೆಯ ದೂರದರ್ಶಕವನ್ನು ಸಿದ್ಧಪಡಿಸುವುದರಲ್ಲಿ ಮುಂದಾಳಾಗಿ ನಿಂತದ್ದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ; ಕೆನಡಾ ದೇಶದವರೂ ಕೈಜೋಡಿಸಿದ್ದರು. ಆ ದೂರದರ್ಶಕದಿಂದ ದೇವಯಾನಿಯನ್ನು ಗೆಲೆಕ್ಸಿಗಿಂತ ಸೂಕ್ಷ್ಮವಾಗಿ ಸಮೀಕ್ಷೆ ಮಾಡಿದ್ದಾರೆ.

ಮೂರನೆಯದು ಅವಕೆಂಪಿನ ಪ್ರತಿ. ಇದರ ಹಿಂದೆ ಒಂದು ಕಥೆಯಿದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷೆಲ್ ಆಕಾಶಗಂಗೆಯನ್ನು ಶೋಧಿಸುತ್ತಿದ್ದಾಗ, ಕಿಕ್ಕಿರಿದ ನಕ್ಷತ್ರಗಳ ನಡುವೆ ಅಲ್ಲಲ್ಲಿ ಕಪ್ಪು ತೇಪೆಗಳನ್ನು ಕಂಡರು. ಅಲ್ಲಿ ನಕ್ಷತ್ರಗಳಿಲ್ಲ, ಆಕಾಶದಲ್ಲಿ ಅದೊಂದು ತೂತು ಎಂದು ಅವರು ಭಾವಿಸಿದರು. ಇದೇ ಹರ್ಷೆಲ್ 1800ರಲ್ಲಿ ಪಟ್ಟಕದಿಂದ ಒಡೆದ ಬಿಸಿಲಿನ ಬಣ್ಣಗಳಲ್ಲಿ ಉಷ್ಣಮಾಪಕವನ್ನಿಟ್ಟು ಪರೀಕ್ಷಿಸುತ್ತ, ಕೆಂಪಿನಾಚೆ ಏನೂ ಕಾಣದ ಕಡೆಯಲ್ಲಿಯೂ ಪಾದರಸ ಏರುವುದನ್ನು ನೋಡಿ ಅವಕೆಂಪನ್ನು ಕಂಡುಹಿಡಿದರು. ತೂತಿನ ಉತ್ತರ ತಮ್ಮ ಉಷ್ಣಮಾಪಕದಲ್ಲಿಯೇ ಇದೆಯೆಂದು ಅವರಿಗೆ ಹೇಗೆ ತಿಳಿಯಬೇಕು? ಕಪ್ಪು ತೇಪೆಗಳು ತೂತುಗಳಲ್ಲ, ಹಿಂದಿನ ನಕ್ಷತ್ರಗಳನ್ನು ಮರೆಮಾಡಿರುವ ದೂಳು ಎಂದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ಆ ದೂಳು ತೀರ ತಣ್ಣಗಿದೆ. ಬೆಳಗುವಷ್ಟು ಕಾವು ಅದಕ್ಕಿಲ್ಲ. ಆದರೆ ಅಷ್ಟು ತಣ್ಣಗಿರುವುದೂ ಉದ್ದವಾದ ಅವಕೆಂಪಿನ ಅಲೆಗಳನ್ನು ಹೊರಡಿಸದೆ ಇರಲಾರದು. 1983ರಲ್ಲಿ ಹಾರಿದ ಐರಾಸ್, 2003ರಲ್ಲಿ ಹಾರಿದ ಸ್ಪಿಟ್ಜರ್, 2009ರಲ್ಲಿ ಹಾರಿದ ಹರ್ಷೆಲ್ ಎಂಬ ಹೆಸರಿನ ದೂರದರ್ಶಕ, ಈ ಮೂರೂ ದೇವಯಾನಿಯನ್ನು ಅವಕೆಂಪಿನಲ್ಲಿ ನೋಡಿದವು. ಕಪ್ಪು ಪಟ್ಟೆಗಳಿದ್ದ ಕಡೆಯಲ್ಲಿಯೇ ಕೆಂಡದ ಉಂಗುರ ಬೆಳಗಿತು! ಗೆಲಾಕ್ಸಿಯ ನಡುವಿನಿಂದ ಸುಮಾರು 33,000 ಜ್ಯೋತಿರ್ವರ್ಷ ದೂರದಲ್ಲಿ ದೂಳಿನ ದೊಡ್ಡ ಉಂಗುರವೊಂದು ಸುತ್ತುವರಿದಿದೆ. ಮುಂದಿನ ನಕ್ಷತ್ರಗಳು ಹುಟ್ಟುವುದು ಇಂಥ ದೂಳು, ಅನಿಲಗಳ ಒಡಲಿನಲ್ಲಿಯೇ. ಒಂದು ಪ್ರತಿಯಲ್ಲಿ ಖಾಲಿಯೆಂದು ಕಂಡ ಜಾಗ ಮತ್ತೊಂದರಲ್ಲಿ ಎಲ್ಲಕ್ಕಿಂತ ತುಂಬಿದ ಜಾಗ. ತೂತೆಂದು ಹೇಳಿದವರ ಹೆಸರನ್ನೇ ಹೊತ್ತ ದೂರದರ್ಶಕ, ಅವರೇ ಕಂಡುಹಿಡಿದ ಬೆಳಕಿನಲ್ಲಿ, ಅಂಥ ಕತ್ತಲೆಯ ಒಡಲನ್ನು ತೋರಿಸಿತು.

ಅವಕೆಂಪಿನ ಪ್ರತಿ ಇನ್ನೊಂದು ಹಳೆಯ ಘಟನೆಯನ್ನೂ ಸೂಚಿಸಿತು. ಸ್ಪಿಟ್ಜರಿನ ಚಿತ್ರಗಳಲ್ಲಿ ದೇವಯಾನಿಯ ಉಂಗುರಗಳು ನಟ್ಟನಡುವೆ ಇಲ್ಲದೆ ಸ್ವಲ್ಪ ಪಕ್ಕಕ್ಕೆ ಸರಿದಿರುವುದನ್ನು ಕಂಡ ಸಂಶೋಧಕರು, ಸುಮಾರು 21 ಕೋಟಿ ವರ್ಷಗಳ ಹಿಂದೆ ಪಕ್ಕದ ಚಿಕ್ಕ ಗೆಲಾಕ್ಸಿಯೊಂದು ಇದರ ನಡುವನ್ನು ತೂರಿಕೊಂಡು ಹೋಗಿರಬೇಕೆಂದು 2006ರಲ್ಲಿ ಪ್ರತಿಪಾದಿಸಿದರು. ಕೆರೆಗೆ ಕಲ್ಲು ಬಿದ್ದಾಗ ಏಳುವ ತೆರೆಯಂತೆ ಆ ಉಂಗುರಗಳು ಹೊರಕ್ಕೆ ಹರಡುತ್ತಿವೆಯೆಂಬುದು ಅವರ ಅಭಿಪ್ರಾಯ.

ನಾಲ್ಕನೆಯದು ಕ್ಷ-ಕಿರಣದ ಪ್ರತಿ. ಕ್ಷ-ಕಿರಣವನ್ನು ಹಿಡಿಯುವುದು ಕಷ್ಟ. ಕನ್ನಡಿಗೆ ನೇರವಾಗಿ ಬಿದ್ದರೆ ಅದು ಹಿಂದಿರುಗದೆ ಒಳಕ್ಕೆ ಹೊಕ್ಕುಬಿಡುತ್ತದೆ. ಹುಡುಗರು ಕೆರೆಯ ನೀರಿನ ಮೇಲೆ ಚಪ್ಪಟೆಯ ಬಿಲ್ಲೆಗಲ್ಲನ್ನು ಓರೆಯಾಗಿ ಬೀಸಿದಾಗ ಅದು ಮುಳುಗದೆ ಚಿಮ್ಮುತ್ತ ಹೋಗುವಂತೆ, ಕ್ಷ-ಕಿರಣವೂ ಕನ್ನಡಿಯನ್ನು ಸವರಿಕೊಂಡು ಹೋದರೆ ಮಾತ್ರ ತಿರುಗುತ್ತದೆ. 1999ರಲ್ಲಿ ಹಾರಿದ ಚಂದ್ರ ಎಂಬ ದೂರದರ್ಶಕದ ಕನ್ನಡಿಗಳು ಆ ಕಾರಣ ಕೊಳವೆಯ ಆಕಾರದಲ್ಲಿವೆ. ಈ ಹೆಸರು ನಮ್ಮ ದೇಶದಲ್ಲಿ ಹುಟ್ಟಿ ನೋಬೆಲ್ ಬಹುಮಾನ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಸ್ಮರಣೆ. ಕ್ಷ-ಕಿರಣದಲ್ಲಿ ದೇವಯಾನಿಯ ಸುರುಳಿಯೇ ಮಾಯವಾಗುತ್ತದೆ. ನಡುವೆ ಲಕ್ಷಾಂತರ ಡಿಗ್ರಿ ಕಾದ ಅನಿಲ, ಸುತ್ತ ಕಿಡಿಗಳಂತೆ ಚುಕ್ಕೆಗಳು. ಈ ಚುಕ್ಕೆಗಳಲ್ಲಿ ಹಲವು ಸತ್ತ ನಕ್ಷತ್ರಗಳು; ಜೊತೆಯ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುವಾಗ ಆ ಅನಿಲ ಕಾದು ಕ್ಷ-ಕಿರಣವನ್ನು ಸೂಸುತ್ತದೆ. ಅವುಗಳ ಪೈಕಿ 35 ಕೃಷ್ಣವಿವರಗಳಿರಬಹುದೆಂದು 2013ರ ವೇಳೆಗೆ ಗುರುತಿಸಿದ್ದರು. ಅತಿನೇರಿಳೆ ತೊಟ್ಟಿಲನ್ನು ತೋರಿಸಿದರೆ ಕ್ಷ-ಕಿರಣ ಸ್ಮಶಾನವನ್ನು ತೋರಿಸುತ್ತದೆ. ಆದರೆ ಆ ಸ್ಮಶಾನದಲ್ಲಿ ಬೆಂಕಿ ಆರಿಲ್ಲ.

ಇವುಗಳಲ್ಲದೆ 1950ರಷ್ಟು ಹಿಂದೆಯೇ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕಿನಲ್ಲಿ ದೇವಯಾನಿಯ ರೇಡಿಯೋ ಅಲೆಗಳನ್ನು ಹಿಡಿದಿದ್ದರು. 2010ರಲ್ಲಿ ಫರ್ಮಿ ಎಂಬ ದೂರದರ್ಶಕದಿಂದ ಗಾಮಾ ಕಿರಣಗಳೂ ಗೋಚರವಾದವು. ಆದರೆ ಓಲೆಪ್ರತಿಯ ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು. ಓಲೆಯ ಪ್ರತಿಗಳು ಒಂದಕ್ಕೊಂದು ವಿರೋಧವಾದರೆ ಯಾವುದೋ ಒಂದು ತಪ್ಪು. ಲಿಪಿಕಾರನ ಕೈ ಜಾರಿದೆ. ಬೆಳಕಿನ ಪ್ರತಿಗಳಲ್ಲಿ ಲಿಪಿಕಾರನ ತಪ್ಪಿಲ್ಲ. ಒಂದರಲ್ಲಿ ಕಪ್ಪು, ಒಂದರಲ್ಲಿ ಕೆಂಡವೆಂದಿದ್ದರೆ ಎರಡೂ ಸರಿ. ಏಕೆಂದರೆ ಅವು ಉತ್ತರಿಸುತ್ತಿರುವ ಪ್ರಶ್ನೆಗಳು ಬೇರೆ.

ಇಲ್ಲಿ ಶಾಲೆಯ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಕ್ಷ-ಕಿರಣಕ್ಕೆ ಬಣ್ಣವೇ ಇಲ್ಲವೆಂದಮೇಲೆ ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳಲ್ಲಿ ಅದಕ್ಕೆ ನೀಲಿ, ನೇರಿಳೆ ಬಣ್ಣ ಎಲ್ಲಿಂದ ಬಂತು? ಚಿತ್ರ ಸುಳ್ಳಲ್ಲವೆ? ಪ್ರಶ್ನೆ ನ್ಯಾಯವಾದದ್ದೇ. ತಿಗಳಾರಿ ಲಿಪಿಯ ಓಲೆಯೊಂದನ್ನು ಕನ್ನಡ ಲಿಪಿಗೆ ಇಳಿಸಿದರೆ ಭಾಷೆ ಬದಲಾಗುವುದಿಲ್ಲ, ಅರ್ಥವೂ ಬದಲಾಗುವುದಿಲ್ಲ. ಓದಲು ಬಾರದ ಅಕ್ಷರ ಓದಲು ಬರುವ ಅಕ್ಷರವಾಗುತ್ತದೆ, ಅಷ್ಟೇ. ಈ ಬಣ್ಣಗಳೂ ಅಂಥ ಲಿಪ್ಯಂತರ. ಯಾವ ಅಲೆಗೆ ಯಾವ ಬಣ್ಣ ಕೊಟ್ಟಿದ್ದೇವೆಂದು ಚಿತ್ರದ ಕೆಳಗೆ ಬರೆದಿರುತ್ತಾರೆ. ಅದನ್ನು ಓದದೆ ಬಣ್ಣವನ್ನು ಮಾತ್ರ ನೋಡಿ ಬೆರಗಾಗುವವರು ಮೋಸ ಹೋಗಿಲ್ಲ, ಪಾಠವನ್ನು ಓದಿಲ್ಲ.

ಹತ್ತಿರದ ಒಂದು ಗೆಲಾಕ್ಸಿಗೆ ಇಷ್ಟು ಪ್ರತಿಗಳೇಕೆ ಎಂದು ನೀವು ಕೇಳಬಹುದು. ದೂರದವುಗಳನ್ನು ಓದಲು ಅಕ್ಷರಾಭ್ಯಾಸವಾಗುವುದು ಇಲ್ಲಿಯೇ. ಜಗತ್ತು ಹಿಗ್ಗುತ್ತಿರುವುದರಿಂದ ಬಹು ದೂರದಿಂದ ಬರುವ ಬೆಳಕಿನ ಅಲೆಗಳು ದಾರಿಯಲ್ಲಿ ಹಿಂಜಿ ಉದ್ದವಾಗುತ್ತವೆ. ಅತಿನೇರಿಳೆಯಾಗಿ ಹೊರಟದ್ದು ಅವಕೆಂಪಾಗಿ ಬಂದು ತಲಪುತ್ತದೆ. 2021ರ ಡಿಸೆಂಬರ್ 25ರಂದು ಹಾರಿದ, 6.5 ಮೀಟರ್ ಅಗಲದ ಕನ್ನಡಿಯುಳ್ಳ ವೆಬ್ ದೂರದರ್ಶಕ ಅವಕೆಂಪಿನದಾಗಿರುವುದು ಇದಕ್ಕಾಗಿಯೇ. ಜಗತ್ತು ಹುಟ್ಟಿ 30 ಕೋಟಿ ವರ್ಷವೂ ತುಂಬುವ ಮೊದಲು ಇದ್ದ ಗೆಲಾಕ್ಸಿಯೊಂದನ್ನು ಅದು ಗುರುತಿಸಿತೆಂದು 2024ರಲ್ಲಿ ಪ್ರಕಟವಾಯಿತು. ಆದರೆ ವೆಬ್ ಹಿಡಿದ ಆ ಬೆಳಕು ಹೊರಟಾಗ ಅತಿನೇರಿಳೆ. ಅದರ ಅರ್ಥವಾಗಬೇಕಾದರೆ ಹತ್ತಿರದ ಗೆಲಾಕ್ಸಿ ಅತಿನೇರಿಳೆಯಲ್ಲಿ ಹೇಗಿರುತ್ತದೆಂದು ಮೊದಲು ತಿಳಿದಿರಬೇಕು. ನಮ್ಮ ಆಸ್ಟ್ರೋಸ್ಯಾಟಿನ ಕೆಲಸವೂ ಇಲ್ಲಿ ಸೇರುತ್ತದೆ. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ಹೊರಟ ತೀವ್ರ ಅತಿನೇರಿಳೆಯನ್ನು ಅದರ ಮೂಲಕ ಗುರುತಿಸಿದ್ದಾಗಿ, ಪುಣೆಯ ಕನಕ್ ಸಾಹಾ ಅವರ ನೇತೃತ್ವದ ತಂಡ 2020ರಲ್ಲಿ ಪ್ರಕಟಿಸಿತು.

ಈ ಕಣ್ಣುಗಳೆಲ್ಲ ಚಿರಂಜೀವಿಗಳಲ್ಲ. ಅವಕೆಂಪಿನ ದೂರದರ್ಶಕ ತಾನೇ ಬೆಚ್ಚಗಿದ್ದರೆ ತನ್ನ ಕಾವಿನಿಂದಲೇ ಕುರುಡಾಗುತ್ತದೆ. ಉರಿಯುವ ಪಂಜನ್ನು ಮುಖದ ಮುಂದೆ ಹಿಡಿದು ನಕ್ಷತ್ರ ನೋಡಿದಂತೆ. ಹರ್ಷೆಲ್ ತನ್ನ ಉಪಕರಣಗಳನ್ನು ತಣ್ಣಗಿಡಲು ದ್ರವ ಹೀಲಿಯಮನ್ನು ಹೊತ್ತು ಹೋಗಿತ್ತು. 2013ರ ಏಪ್ರಿಲಿನಲ್ಲಿ ಹೀಲಿಯಮ್ ತೀರಿತು. ಯಂತ್ರಕ್ಕೆ ಬೇರೇನೂ ಆಗದಿದ್ದರೂ ಅದರ ಕಣ್ಣು ಮುಚ್ಚಿತು. ಸ್ಪಿಟ್ಜರನ್ನು 2020ರ ಜನವರಿಯಲ್ಲಿ ನಿಲ್ಲಿಸಿದರು. ವೆಬ್ ಇದ್ದರೂ ಅದು ಹರ್ಷೆಲ್ ಕೇಳುತ್ತಿದ್ದಷ್ಟು ಉದ್ದದ ಅಲೆಗಳನ್ನು ಕೇಳುವುದಿಲ್ಲ. ಆ ಪಟ್ಟಿಗೆ ಹರ್ಷೆಲ್ಲಿನಷ್ಟು ದೊಡ್ಡ ಕನ್ನಡಿಯ ಮತ್ತೊಂದು ದೂರದರ್ಶಕ ಇದುವರೆಗೆ ಅಂತರಿಕ್ಷಕ್ಕೆ ಏರಿಲ್ಲ. ಇಂಥ ಕೆಲಸಕ್ಕೆ ಹಣ ಬಹಳ, ಕಾಲವೂ ಬಹಳ. ಒಂದು ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವ ವೇಳೆಗೆ ಒಂದು ತಲೆಮಾರಿನ ವಿದ್ಯಾರ್ಥಿಗಳು ಕಳೆದುಹೋಗುತ್ತಾರೆ. ಅಷ್ಟು ಕಾಲ ಆ ಸ್ಥಾಯಿಯ ಸಂಗೀತ ಬರುತ್ತಲೇ ಇರುತ್ತದೆ, ಕೇಳುವವರಿರುವುದಿಲ್ಲ.

ನಮ್ಮ ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬ ಒಂದು ಪ್ರಮಾಣವನ್ನು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಇಲ್ಲವೆಂದು ನಮಗೆ ಹೇಗೆ ಗೊತ್ತಾಗುತ್ತದೆ? ಅದು ಕಾಣದಿರುವುದರಿಂದ. ಆದರೆ ಅವರು ಇಷ್ಟಕ್ಕೆ ಬಿಡುವುದಿಲ್ಲ. ಕಾಣದಿರುವುದೆಲ್ಲ ಪ್ರಮಾಣವಲ್ಲ, ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಎಂದರೆ, ಗಡಿಗೆ ಇದ್ದಿದ್ದರೆ ಕಾಣುವಂಥ ಸನ್ನಿವೇಶವಿರಬೇಕು. ಹಾಗಿದ್ದೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆ ಕಾಣಲಿಲ್ಲ, ಆದ್ದರಿಂದ ಇಲ್ಲ ಎನ್ನುವವನ ಮಾತು ನಿಲ್ಲದು. ಹರ್ಷೆಲ್ ಕಂಡ ತೂತಿನ ವಿಷಯದಲ್ಲಿ ಆದದ್ದು ಇದೇ. ಅವರು ಅಜಾಗರೂಕರಾಗಿರಲಿಲ್ಲ, ದೂಳನ್ನು ಕಾಣಲು ಯೋಗ್ಯವಾದ ಬೆಳಕು ಅವರ ದೂರದರ್ಶಕಕ್ಕೆ ದೊರೆತಿರಲಿಲ್ಲ. ಅಂತರಿಕ್ಷದ ದೂರದರ್ಶಕಗಳು ನಮಗೆ ಕೊಟ್ಟಿರುವ ದೊಡ್ಡ ಉಪಕಾರ ಸುಂದರವಾದ ಚಿತ್ರಗಳಲ್ಲ. ‘ಇಲ್ಲ’ ಎಂಬ ಮಾತನ್ನು ಯೋಗ್ಯತೆಯಿಂದ ಆಡುವ ಅಧಿಕಾರವನ್ನು ಅವು ಒಂದೊಂದೇ ಸ್ಥಾಯಿಯಾಗಿ ಸಂಪಾದಿಸಿಕೊಡುತ್ತಿವೆ.

ಹಾಗಾದರೆ ಎಲ್ಲ ಬೆಳಕುಗಳಲ್ಲಿಯೂ ನೋಡಿ ಮುಗಿಸಿದ ಮೇಲೆ ದೇವಯಾನಿಯನ್ನು ಪೂರ್ತಿಯಾಗಿ ಕಂಡಂತಾಯಿತೆ? ಅದೂ ಇಲ್ಲ. ವೀರಾ ರೂಬಿನ್ ಎಂಬ ವಿದುಷಿ ತಮ್ಮ ಸಹೋದ್ಯೋಗಿ ಕೆಂಟ್ ಫೋರ್ಡ್ ಅವರೊಡನೆ ದೇವಯಾನಿಯ 67 ಅನಿಲಪ್ರದೇಶಗಳ ವೇಗವನ್ನು ಅಳೆದು 1970ರಲ್ಲಿ ಪ್ರಕಟಿಸಿದರು. ಸೂರ್ಯನಿಂದ ದೂರವಾದ ಗ್ರಹ ನಿಧಾನವಾಗಿ ಚಲಿಸುತ್ತದೆ. ಶನೈಶ್ಚರನೆಂಬ ಹೆಸರೇ ಅದನ್ನು ಹೇಳುತ್ತದೆ. ದೇವಯಾನಿಯಲ್ಲಿಯೂ ಅಂಚಿಗೆ ಹೋದಂತೆ ವೇಗ ಹಾಗೆಯೇ ಇಳಿಯಬೇಕಾಗಿತ್ತು, ಇಳಿಯಲಿಲ್ಲ. ಅಂಚಿನಲ್ಲಿರುವುದನ್ನೂ ಅಷ್ಟು ರಭಸದಿಂದ ತಿರುಗಿಸುತ್ತ ಚದರಿ ಹೋಗದಂತೆ ಹಿಡಿದಿರುವ ಯಾವುದೋ ದ್ರವ್ಯ ಅಲ್ಲಿರಬೇಕು. ಅದು ಅತಿನೇರಿಳೆಯಲ್ಲಿ ಕಾಣುವುದಿಲ್ಲ, ಅವಕೆಂಪಿನಲ್ಲಿಲ್ಲ, ಕ್ಷ-ಕಿರಣದಲ್ಲಿಲ್ಲ, ರೇಡಿಯೋದಲ್ಲಿಯೂ ಇಲ್ಲ. ಆದರೂ ಅದು ಇಲ್ಲವೆಂದು ಖಗೋಳಜ್ಞರು ಹೇಳಲಿಲ್ಲ. ಕೃಷ್ಣದ್ರವ್ಯವೆಂದು ಹೆಸರಿಟ್ಟು, ಅದರ ಸೆಳೆತವನ್ನೇ ಸಾಕ್ಷಿಯಾಗಿ ಹಿಡಿದು ಇಂದಿಗೂ ಹುಡುಕುತ್ತಿದ್ದಾರೆ.

ರೂಬಿನ್ ಅವರ ಗೌರವಾರ್ಥ 2025ರ ಜೂನ್ ತಿಂಗಳಲ್ಲಿ ದೇವಯಾನಿಯ ಎಲ್ಲ ಪ್ರತಿಗಳನ್ನೂ ಕೂಡಿಸಿದ ಚಿತ್ರವೊಂದನ್ನು ಬಿಡುಗಡೆ ಮಾಡಿದರು. ಬಾನುಲಿಗೆ ಒಪ್ಪುವ ಕೆಲಸವೊಂದನ್ನೂ ಅದರೊಡನೆ ಮಾಡಿದ್ದಾರೆ. ಕ್ಷ-ಕಿರಣ, ಅತಿನೇರಿಳೆ, ಕಾಣುವ ಬೆಳಕು, ಅವಕೆಂಪು, ರೇಡಿಯೋ, ಇವುಗಳ ಚಿತ್ರಗಳನ್ನು ಒಂದರ ಕೆಳಗೊಂದಾಗಿ ಜೋಡಿಸಿ, ರೇಡಿಯೋಗೆ ಮಂದ್ರವನ್ನೂ ಕ್ಷ-ಕಿರಣಕ್ಕೆ ತಾರವನ್ನೂ ಕೊಟ್ಟು, ಬೆಳಕನ್ನು ನಾದವಾಗಿ ಮಾರ್ಪಡಿಸಿದ್ದಾರೆ. ಕಣ್ಣಿಲ್ಲದವರೂ ಅದನ್ನು ಕೇಳಬಹುದು. ನೀವೂ ಅವಕಾಶವಾದಾಗ ಕೇಳಿ. ಕೇಳುವಾಗ ಒಂದು ಮಾತು ನೆನಪಿರಲಿ: ಆ ಎಲ್ಲ ಸ್ಥಾಯಿಗಳನ್ನೂ ಒಟ್ಟಿಗೆ ಹಿಡಿದಿರುವ ಕೃಷ್ಣದ್ರವ್ಯಕ್ಕೆ ಅದರಲ್ಲಿ ಒಂದು ಸ್ವರವೂ ಇಲ್ಲ.